ಬಟ್ಟಲೆಣಿಕೆ

ಲಾಭ.
ಎರಡು. ಮೂರು.
ನಮ್ಮವ್ವ ಕಣದಲ್ಲಿ ರಾಗಿ ಅಳೆಯುವಾಗ
ಒಂದು ಅಂದವಳಲ್ಲ, ಮೊದಲ ಬಳ್ಳಕ್ಕೆ ಲಾಭ ಅಂತಲೇ ಹೆಸರು.
ಆರಾದ ಮೇಲೆ ಮತ್ತೊಂದು, ಆಮೇಲೆ ಎಂಟು.
ನಡುವಿನದನ್ನು ಬಾಯಲ್ಲಿ ತರಬಾರದು,
ತಂದರೆ ರಾಶಿ ಎದ್ದು ಹೋಗುತ್ತೆ.

ಮಾರ್ಕೋನಹಳ್ಳಿ ಅಣೆಯ ಕೆಳಗೆ
ಸಿಮೆಂಟು ತೊಟ್ಟಿಯ ಅಂಚಿಗೆ ಕುಂತು
ಹನ್ನೊಂದು ವರ್ಷದಿಂದ ಅದೇ ಲೆಕ್ಕದಲ್ಲಿ
ಮೀನುಮರಿ ಎಣಿಸುತ್ತೇನೆ.
ತೂತಿನ ಬಟ್ಟಲಲ್ಲಿ ಮೊಗೆದು, ಬಿಳಿ ತಟ್ಟೆಗೆ ಸುರಿದು,
ಚಮಚದ ತುದಿಯಲ್ಲಿ ಸರಿಸಿ ಸರಿಸಿ.
ಕಟ್ಲಾ, ರೋಹು, ಗೆಂಡೆ, ಈ ವಯಸ್ಸಿಗೆ ಎಲ್ಲ ಒಂದೇ ಜಾತಿ:
ಎರಡು ಕಣ್ಣು, ಹಿಂದೆ ಒಂದು ಅವಸರ.
ಎಣಿಸುವುದು ಒಂದೇ ಬಟ್ಟಲು.
ಉಳಿದವಕ್ಕೆ ಗುಣಾಕಾರ.

ಇವುಗಳ ತಾಯಿಗೆ ಷಡಕ್ಷರಿ ಸಾಹೇಬರು
ಸಂಜೆ ಆರಕ್ಕೆ ರೆಕ್ಕೆಯ ಬುಡಕ್ಕೆ ಸೂಜಿ ಚುಚ್ಚಿದ್ದರು.
ಕೊರಳಲ್ಲಿ ಕರಡಿಗೆ, ಹುಟ್ಟಿದಾಗಿನಿಂದ ಮೀನು ತಿಂದವರಲ್ಲ.
ಒದ್ದೆ ಬಟ್ಟೆಯಲ್ಲಿ ತಬ್ಬಿ ಹಿಡಿದವಳು ನಾನು:
ಐದು ಕೆಜಿ, ಹೊಟ್ಟೆ ಮೆತ್ತಗೆ,
ನನ್ನ ಎರಡನೆಯ ಹೆರಿಗೆಯ ಥರ ಏದುಸಿರು.
ನಡುರಾತ್ರಿ ದುಂಡು ತೊಟ್ಟಿಯ ತಿರುಗುವ ನೀರಲ್ಲಿ
ಗಂಡುಗಳು ಪಕ್ಕೆಗೆ ಗುದ್ದಿ ಗುದ್ದಿ,
ಬೆಳಗಿಗೆ ನೀರು ತುಂಬ ನೆನೆದ ಸಬ್ಬಕ್ಕಿ.
ಮಾರನೆ ದಿನ ಸಬ್ಬಕ್ಕಿಗೆ ಬಾಲ.
ಮೂರು ದಿನ ಏನೂ ಕೊಡುವ ಹಾಗಿಲ್ಲ,
ಬುತ್ತಿ ಹೊಟ್ಟೆಗೇ ಕಟ್ಟಿಕೊಂಡು ಬಂದಿರುತ್ತವೆ.

ಆಮೇಲೆ ನಮ್ಮ ಬಾಣಂತನ.
ಅಷ್ಟರಲ್ಲಿ ಸಗಣಿ ಕದಡಿದ ಕೊಳ ಹಸಿರಾಗಿರಬೇಕು,
ಸೋಪಿನೆಣ್ಣೆಗೆ ನೀರುತಿಗಣೆ ಸತ್ತಿರಬೇಕು.
ಕಡಲೆ ಹಿಂಡಿ, ತೌಡು, ಜರಡಿ ಹಿಡಿದು
ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ.
ಕೊಕ್ಕರೆಗೆ ಕಲ್ಲು.
ಮಿಂಚುಳ್ಳಿಗೆ ಬರೀ ಬೈಗುಳ, ಅದು ಕಲ್ಲಿಗೆ ಸಿಗಲ್ಲ.

ಕಳೆದ ಆಷಾಢದಲ್ಲಿ ಒಂದು ರಾತ್ರಿ,
ಬೆಳಗ್ಗೆ ಸಾಗಿಸುವ ಮರಿಗಳನ್ನು
ಉಪವಾಸ ಕೆಡವಿ ತೊಟ್ಟಿಯಲ್ಲಿ ಬಿಟ್ಟಿದ್ದೆವು.
ಎರಡೂವರೆಗೆ ಕರೆಂಟು ಹೋಯಿತು.
ಗಾಳಿಪಂಪಿನ ಗುಳುಗುಳು ನಿಂತದ್ದೇ ನನಗೆ ಎಚ್ಚರ,
ಅಳುವ ಮಗು ತಟ್ಟನೆ ಸುಮ್ಮನಾದ ಹಾಗೆ.
ಜನರೇಟರಿಗೆ ಡೀಸೆಲ್ ಇರಲಿಲ್ಲ.
ಅಥವಾ ಡೀಸೆಲ್ ಇತ್ತು, ಬೀಗದ ಕೈ ಇರಲಿಲ್ಲ,
ಆ ಮಾತು ಇನ್ನೂ ಇತ್ಯರ್ಥವಾಗಿಲ್ಲ.
ಟಾರ್ಚು ಬಿಟ್ಟೆ.

ಎದ್ದಿದ್ದವು.
ಇಡೀ ತೊಟ್ಟಿ ಮೇಲಕ್ಕೆ ಎದ್ದಿತ್ತು.
ಸಾಸಿವೆಯಗಲದ ಲಕ್ಷ ಬಾಯಿ
ತೆರೆದು ಮುಚ್ಚಿ, ತೆರೆದು ಮುಚ್ಚಿ, ಸದ್ದೇ ಇಲ್ಲ.
ಯಾರೋ ಎಲ್ಲೋ ಆ ಅಂಕಿ
ಅಂದುಬಿಟ್ಟಿದ್ದರು.

ಬಕೆಟ್ಟು, ಕೊಡ, ಅನ್ನದ ಪಾತ್ರೆ, ಸಿಕ್ಕಿದ್ದರಲ್ಲಿ
ಮೊಗೆದು ಎತ್ತರದಿಂದ ಸುರಿದೆವು.
ಕಾವಲಿನ ಬೋರಲಿಂಗ, ನಾನು, ಲುಂಗಿ ಮೇಲೆ ಕಟ್ಟಿದ ಷಡಕ್ಷರಿ;
ಅವರು ಬಗ್ಗಿದಾಗಲೆಲ್ಲ ಕರಡಿಗೆ ಬಕೆಟ್ಟಿಗೆ ಟಣ್ಣೆನ್ನುವುದು.
ಮಲಗ್ರವ್ವ, ಕೆಳಗೋಗಿ ಮಲಗ್ರಿ ಅಂತಿದ್ದೆನಂತೆ ನಾನು,
ಬೋರಲಿಂಗ ಇವತ್ತೂ ಅಣಕಿಸುತ್ತಾನೆ.
ನಾಲ್ಕಕ್ಕೆ ಕುಣಿಗಲ್ಲಿಂದ ಪ್ಯಾರೇಜಾನನ ಟೆಂಪೊ.
ಇಳಿದವನು ಮಾತಾಡಲಿಲ್ಲ,
ಸಿಲಿಂಡರು ಉರುಳಿಸಿ ತಂದು ಪೈಪನ್ನು ನೀರಿಗೆ ಬಿಟ್ಟ.

ಬೆಳಕು ಹರಿದಾಗ ತಳದಲ್ಲಿ
ತೊಳೆದ ನುಚ್ಚಿನ ಹಾಗೆ ಬಿಳಿ.
ಎಷ್ಟು ಹೋಗಿರಬಹುದು ಹುಚ್ಚಮ್ಮ, ಅಂದರು ಸಾಹೇಬರು.
ಸತ್ತದ್ದಕ್ಕೆ ಬಟ್ಟಲಿಲ್ಲ.
ಏನೋ ಒಂದು ಬರೆದುಕೊಂಡರು,
ಅದಕ್ಕೂ ಒಂದು ಕಾಲಂ ಇದೆ.

ಎಂಟಕ್ಕೆ ಅಮೃತೂರು ಸಂಘದ ತಿಮ್ಮಗಂಗಯ್ಯ ಬಂದ.
ಚೀಲಕ್ಕೆ ನೀರು, ಮರಿ, ಉಸಿರು, ರಬ್ಬರು.
ಬಾಯಿ ಕಟ್ಟುವ ಮುಂಚೆ ಕೇಳಿದ: ಕೊಸರು?
ದಾರಿಯಲ್ಲಿ ಸಾಯುವವಕ್ಕೆ ಅಂತ ಅರ್ಧ ಬಟ್ಟಲು ರೂಢಿ.
ಅವತ್ತು ಒಂದೂವರೆ ಹಾಕಿದೆ.
ಷಡಕ್ಷರಿ ನೋಡಿದರು,
ನೋಡಿ ಅಣೆಯ ಕಡೆ ತಿರುಗಿದರು.

ಟೆಂಪೊ ಹೋದ ಮೇಲೆ ಕೈ ತೊಳೆಯಲು ಅದ್ದಿದರೆ
ಬಳೆಗಳ ಸಂದಿಯಿಂದ ಒಂದು
ಕೊಸರಿಕೊಂಡು ನೀರಿಗೆ ಹೋಯಿತು.
ಲಾಭ, ಅಂದೆ.