ಕೀಲು

ಮಗ್ಗುಲಿಗೆ ಐದು ಗಾಲಿ.
ಮೊದಲನೆಯದು ಒಂಟಿ, ಮಿಕ್ಕ ನಾಲ್ಕು ಜೋಡಿ ಜೋಡಿ.
ಪೆಟ್ಟಿಗೆಯ ಮೇಲೆ ಟ್ಯಾಂಕಿನ ಚಿತ್ರ ಬರೆದವನು ಆರು ಬರೆದಿದ್ದಾನೆ;
ಆರಾದರೆ ಅದು ಹಾಚ್‌ಕಿಸ್, ರೆನೋ ಅಲ್ಲ.
ಅಂಗಡಿಯ ಎವ್ರಾರ್‌ಗೆ ಹೇಳಿದೆ. ನಕ್ಕ.
"ಯಾರು ಎಣಿಸುತ್ತಾರೆ, ಮದಾಂ ಸಿದೋನಿ?"

ನಾನು ಎಣಿಸುತ್ತೇನೆ.
ಮೂವತ್ತೆಂಟು ವರ್ಷ ಶಾರ್ಲ್‌ವಿಲ್ಲಿನ ಬೊಚ್ಚುಬಾಯಿಗಳಿಗೆ
ಕಟ್ಟುಹಲ್ಲು ಕಟ್ಟಿದ ಕೈ ಇದು.
ಅದೇ ಕೊಕ್ಕೆ, ಅದೇ ಅರ, ಅದೇ ಭೂತಗನ್ನಡಿ.
ಮುಂದಿನ ಹಲ್ಲುಗಾಲಿಯ ಒಂದೊಂದು ಹಲ್ಲನ್ನೂ
ಕಚ್ಚುವ ಹಾಗೆ ತೀಡಿದ್ದೇನೆ.
ಗಾಲಿಯಂಚಿನ ರಬ್ಬರಿಗೆ ಬರೀ ಕಪ್ಪು ಸಾಲದು,
ಚಿಟಿಕೆ ಒಲೆಬೂದಿ ಬೇಕು.

ಅಪ್ಪ ಇದರ ಹೊಟ್ಟೆಯಲ್ಲಿ ಕೂತು ಓಡಿಸಿದವನು,
ನಲವತ್ತರ ಮೇ ತಿಂಗಳು, ಮ್ಯೂಸ್ ಹೊಳೆಯ ಈಚೆ.
ಒಂದು ಫೋಟೋ ಇದೆ. ತೆಗೆದವನು ಜರ್ಮನ್ ಸಿಪಾಯಿ,
ನನಗೆ ಮಾರಿದವಳು ಅವನ ಮೊಮ್ಮಗಳು.
ಸೇಬಿನ ಮರಕ್ಕೆ ಮೂತಿ ಆನಿಸಿ ನಿಂತಿದೆ,
ಎಡಗಡೆಯ ಪಟ್ಟಿ ಕಳಚಿ ಹಿಂದಕ್ಕೆ ಹಾಸಿಬಿದ್ದಿದೆ,
ದಣಿದವನು ಬಿಚ್ಚಿ ಒಗೆದ ಸೊಂಟಪಟ್ಟಿಯಂತೆ.
ಗುಂಡು ತಾಗಿದ ಗುರುತು ಎಲ್ಲೂ ಇಲ್ಲ.
ಹುಡುಕಿದ್ದೇನೆ.

"ಕೀಲು ಮುರಿಯಿತು" ಅನ್ನುತ್ತಿದ್ದ ಅಪ್ಪ,
ಕೇಳಿದವರಿಗೆ, ಕೇಳದವರಿಗೂ.

ಪೆಟ್ಟಿಗೆಯಲ್ಲಿ ಕೊಟ್ಟ ಪಟ್ಟಿ ಒಂದೇ ತುಂಡು, ಬಿಗಿ.
ಎಸೆದೆ. ಕೊಂಡಿ ಕೊಂಡಿ ಬಿಡಿಯಾದದ್ದು ತರಿಸಿದೆ,
ಮಗ್ಗುಲಿಗೆ ನೂರಿಪ್ಪತ್ತರ ಮೇಲೆ.
ಬಲಗಡೆಯದು ಮೇಲಿನ ಮೂರು ಉರುಳೆಗಳ ನಡುವೆ
ಒದ್ದೆ ಬಟ್ಟೆ ಹರವಿದ ಹಗ್ಗದಂತೆ ಜೋಲಬೇಕು, ಸ್ವಲ್ಪವೇ.
ಒಂದೊಂದು ಕೊಂಡಿಗೂ ಒಂದು ತಂತಿಯ ಕೀಲು,
ಅಕ್ಕಿಕಾಳುದ್ದ.
ಎಂಟು ಭಾನುವಾರ ಹಿಡಿಯಿತು.

ನಿನ್ನೆ ಎಡಗಡೆಯ ಕೊನೆಗೆ ಬಂದೆ.
ಒಂದು ಕೀಲು ಉಳಿಯಿತು, ಉಳಿಯಬೇಕಾದ್ದೇ.
ಅದನ್ನು ಅಂಗೈಯಲ್ಲಿಟ್ಟುಕೊಂಡೇ
ಅಡುಗೆಮನೆಗೆ ಎದ್ದು ಹೋದೆ.

ಖಾನೆಯಲ್ಲಿ, ಸೌಟುಗಳ ಕೆಳಗೆ,
ಅಮ್ಮ ಅಕ್ರೋಟು ಒಡೆಯುತ್ತಿದ್ದ ಕಬ್ಬಿಣದ ಸಲಾಕೆ.
ಗೇಣುದ್ದ. ಒಂದು ತುದಿಗೆ ತಲೆ,
ಇನ್ನೊಂದು ತುದಿ ಸುತ್ತಿಗೆಯ ಪೆಟ್ಟಿಗೆ ಅಣಬೆಯಾಗಿ ಅರಳಿದೆ.
ಅಳೆದೆ. ಮೂವತ್ತೈದರಿಂದ ಭಾಗಿಸಿದೆ.
ಅಕ್ಕಿಕಾಳು.

ಎಲ್ಲೂ ಮುರಿದಿಲ್ಲ.
ಮುರಿದಿಲ್ಲವಲ್ಲ, ಅಪ್ಪ.

ಮೇಲಿನ ಗೋಪುರದಲ್ಲಿ ಕೂತಿದ್ದ ಎಮೆರಿಕ್‌ಗೆ
ಆಗ ಇಪ್ಪತ್ತೆರಡು.
ಪ್ರತಿ ಚಳಿಗಾಲ ಪೆರಿಗೋರ್‌ನಿಂದ
ಅವನದೊಂದು ಮೂಟೆ ಅಕ್ರೋಟು ಬರುತ್ತಿತ್ತು,
ಕಾಗದ ಇರುತ್ತಿರಲಿಲ್ಲ.
ಅಮ್ಮ ಒಡೆಯಲು ಕೂತರೆ
ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ.