ಇನ್ನೂರ ಹದಿನೆಂಟನೆಯದು

ನನ್ನ ಕೆಲಸ ದಿನಕ್ಕೆ ಮೂರು ಸಲ ಬಾಟಲಿ ಅದ್ದುವುದು:
ಸೇತುವೆಗಿಂತ ಮೇಲೊಂದು, ಕೆಳಗೊಂದು.
ಬಿಸಿಲಿಗೆ ಹಿಡಿದು ಪಕ್ಕಪಕ್ಕ ನೋಡುವುದು.
ಮೇಲಿನದರ ಹಾಗೆ ಕೆಳಗಿನದೂ ಇದ್ದರೆ
ಪುಸ್ತಕದಲ್ಲಿ ಗೀಟು. ಇಲ್ಲದಿದ್ದರೆ
ಕ್ರೇನು, ಪಂಪು, ಹದಿನಾಲ್ಕು ಜನರ ದಿನಗೂಲಿ
ನಾನೊಬ್ಬಳು ಕೈಯೆತ್ತಿದ್ದಕ್ಕೆ ನಿಲ್ಲಬೇಕು.
ಇದು ಯಾರಿಗೂ ಹಿಡಿಸುವುದಿಲ್ಲ. ನನಗೂ.

ನ್ಯೂ ಬ್ರನ್ಸ್‌ವಿಕ್‌ನ ನಕ್ಷೆಯಲ್ಲಿ
ತಿಯೊತೀಮನ ತೊರೆ ಒಂದು ಕೂದಲೆಳೆ.
ತಿಯೊತೀಮ ಯಾರೋ, ಈಗ ಹೇಳುವವರಿಲ್ಲ.
ಇಲ್ಲಿ ಮುಳುಗಿದವನಿರಬಹುದು. ಬರೀ ದಾಟಿದವನಿರಬಹುದು.
ಸೇತುವೆಗೆ ತೊಂಬತ್ತೊಂದು ವರ್ಷ;
ಕಾಂಕ್ರೀಟು ಉದುರಿ ಒಳಗಿನ ಕಂಬಿ
ಮುದಿನಾಯಿಯ ಪಕ್ಕೆಲುಬಿನಂತೆ ಕಾಣುತ್ತದೆ.
ಶಾಲೆಯ ಬಸ್ಸು ಎರಡು ವರ್ಷದಿಂದ ಸುತ್ತಿ ಬಳಸಿ ಹೋಗುತ್ತದೆ.
ಹೊಸದು ಬೇಕು, ಅದರಲ್ಲಿ ಎರಡು ಮಾತಿಲ್ಲ.

ಜೂನ್‌ನಲ್ಲಿ ಅಜೆಲಿ ಬಂದಳು,
ರಬ್ಬರಿನ ಅಂಗಿ ತೊಟ್ಟು, ಮುಖಕ್ಕೆ ಗಾಜು ಕಟ್ಟಿ,
ಮೊಣಕಾಲುದ್ದದ ನೀರಲ್ಲಿ ಬೋರಲು ಮಲಗಿದಳು
ಓಲೆ ಕಳಕೊಂಡವಳ ಹಾಗೆ.
ಜಲ್ಲಿಯಲ್ಲಿ ಅರ್ಧ ಹೂತು ನಿಂತ ಕಪ್ಪೆಚಿಪ್ಪುಗಳನ್ನು
ಒಂದೊಂದಾಗಿ ಕಿತ್ತಳು. ಕಿತ್ತಳು ಎಂದರೆ ತಪ್ಪು,
ಮಗುವಿನ ಹಾಲುಹಲ್ಲು ಅಲ್ಲಾಡಿಸಿದ ಹಾಗೆ, ಮೆಲ್ಲಗೆ.
ಬೆನ್ನಿಗೆ ಅಕ್ಕಿಕಾಳಿನಷ್ಟು ಚೀಟಿ, ಹನಿ ಅಂಟು, ನಂಬರು.
ಮೇಲಿನ ತಿರುವಿನಲ್ಲಿ ಅದೇ ಜಲ್ಲಿ, ಅದೇ ನೆರಳು ಹುಡುಕಿ
ಸಸಿಯಂತೆ ನೆಟ್ಟಳು.

"ಇದರ ಗೆರೆ ಎಣಿಸು" ಅಂದಳು
ನೂರಾ ನಾಲ್ಕನೆಯದನ್ನು ಅಂಗೈಗಿಟ್ಟು.
ಎಂಬತ್ತರ ಆಚೆ ಗೆರೆಯೊಳಗೆ ಗೆರೆ ಸೇರಿ ಲೆಕ್ಕ ತಪ್ಪಿತು.
"ಸೇತುವೆಗಿಂತ ಹಿರಿಯದು" ಅಂದಳು.
ಅದನ್ನು ಕಟ್ಟುವಾಗ ಇದು ಇಲ್ಲೇ ಇತ್ತು.
ಆಗ ಬಾಟಲಿ ಅದ್ದಿದವರಿಲ್ಲ, ಎತ್ತಿ ಪಕ್ಕಕ್ಕಿಟ್ಟವರಿಲ್ಲ;
ಬಾಯಿ ಬಿಗಿದು ಕಾದಿತ್ತು ರಾಡಿ ಮುಗಿಯುವ ತನಕ.
ಕಾಯಲಾರದೆ ಹೋದವು ಎಷ್ಟೋ. ಅವಕ್ಕೆ ಗೆರೆ ಇಲ್ಲ.

ಒಟ್ಟು ಇನ್ನೂರ ಹದಿನೇಳು. ಸಹಿ, ಮುದ್ರೆ.

ಆಮೇಲೆ ಕಪ್ಪು ಬಟ್ಟೆಯ ಬೇಲಿ,
ತೊರೆಯ ಅರ್ಧಕ್ಕೆ ಮರಳುಚೀಲದ ಗೋಡೆ,
ಯಂತ್ರ ಜೌಗಿನಲ್ಲಿ ಹೂತುಹೋಗದಂತೆ,
ಜೌಗು ಯಂತ್ರವನ್ನು ನೆನಪಿಡದಂತೆ
ಓಕ್ ದಿಮ್ಮಿಗಳ ಹಾಸು.
ಪಂಪಿನ ರಾಡಿನೀರು ನೇರ ತೊರೆಗಿಲ್ಲ:
ಬಸುರಿ ಎಮ್ಮೆಯಂಥ ಚೀಲಕ್ಕೆ ಹೊಕ್ಕು
ಬೆವರಿನಂತೆ ಜಿನುಗಿ ಹುಲ್ಲಿಗಿಳಿಯಬೇಕು.
ಅಗೆಯುವ ಯಂತ್ರದ ಫೆರ್ನಾಂಡ್ ಕೊರ್ಮಿಯೆ
"ನಮ್ಮಪ್ಪನ ಕಾಲಕ್ಕೆ ಸೇತುವೆಗೆ ಸೂಲಗಿತ್ತಿ ಬೇಕಿರಲಿಲ್ಲ" ಅಂತ
ನನ್ನನ್ನೇ ನೋಡಿ ಉಗುಳಿದ.
ನೆಲಕ್ಕೆ. ತೊರೆಗಲ್ಲ. ಗಮನಿಸಿದೆ.

ಆಗಸ್ಟ್ ಹತ್ತೊಂಬತ್ತರ ರಾತ್ರಿ ಮಳೆ.
ಎರಡು ಗಂಟೆಗೆ ಬ್ಯಾಟರಿ ಹಿಡಿದು ಹೋದರೆ
ಬೇಲಿಯ ಗೂಟವೊಂದು ಮಲಗಿತ್ತು,
ಕೆಂಪು ಮಣ್ಣು ನಾಲಗೆ ಚಾಚಿ ನೀರಿಗೆ ಒಂದೇ ಗೇಣು.
ಕೂಗಿದರೆ ಕೇಳುವವರಿಲ್ಲ. ಸಲಿಕೆ, ಹುಲ್ಲಿನ ಕಟ್ಟು, ನನ್ನ ಮೈಭಾರ.
ಬೆಳಗ್ಗೆ ಮೇಲಿನ ಬಾಟಲಿ ಬಗ್ಗಡ, ಕೆಳಗಿನದೂ ಅಷ್ಟೇ ಬಗ್ಗಡ.
ಗೀಟು. ಮಳೆಯ ತಪ್ಪು ಮಳೆಗೇ.

ಸೆಪ್ಟೆಂಬರ್ ಇಪ್ಪತ್ತೆಂಟು. ಮೂವತ್ತಕ್ಕೆ ಗಡುವು;
ಆಮೇಲೆ ಮೀನು ಮೊಟ್ಟೆಯಿಡಲು ಬರುತ್ತದೆ,
ಅದರ ಹತ್ತಿರ ವಾಯಿದೆ ಕೇಳುವಂತಿಲ್ಲ.
ಇನ್ನರ್ಧಕ್ಕೆ ಗೋಡೆ ಕಟ್ಟಿ ಎರಡೇ ದಿನ.
ಹಳೆಯ ಕಂಬದ ಕೊನೆಯ ಬುಡ, ಎಲ್ಲರಿಗೂ ಅವಸರ.
ಆಗ ಯಂತ್ರ ನಿಂತಿತು. ನಾನು ಕೈಯೆತ್ತಿರಲಿಲ್ಲ.
ಫೆರ್ನಾಂಡ್ ಇಳಿದು ಬಂದು
ಬಕೆಟ್ಟಿನ ಕೆಸರಿಗೆ ಮೊಣಕೈ ತನಕ ತೋಳಿಳಿಸಿದ.
ಹೆಲ್ಮೆಟ್ಟಿನಲ್ಲಿ ತೊರೆಯ ನೀರು, ನೀರಲ್ಲಿ ಕಪ್ಪಗೆ
ಚೀಟಿಯಿಲ್ಲದ ಒಂದು.
"ನಿಮ್ಮ ಲೆಕ್ಕ ತಪ್ಪು" ಅಂದ.

ಅಜೆಲಿ ಹೋಗಿ ಮೂರು ತಿಂಗಳು. ಅಂಟೂ ಇರಲಿಲ್ಲ.
ತಿರುವಿನ ತನಕ ಇಬ್ಬರೂ ನಡೆದೆವು,
ನೀರು ತುಳುಕದಂತೆ ಅವನು ಅಡ್ಡಡ್ಡ ಹೆಜ್ಜೆಯಿಟ್ಟು.
"ಯಾವ ಕಡೆ ಬಾಯಿ?" ಕೇಳಿದ. ತೋರಿಸಿದೆ.
ನೆಟ್ಟು, ತೋಳಿನ ಕೆಸರು ಒಣಗಿ ಬಿರಿಯುವ ತನಕ ಕೂತ.
ಅಲ್ಲಿಂದ ಹಾರ್ನು, ಮತ್ತೆ ಹಾರ್ನು.

ಅದು ಬಾಯಿ ತೆರೆಯಲಿಲ್ಲ.
ನಾವು ಹೋಗಲಿ ಅಂತ ಕಾಯುತ್ತಿತ್ತೇನೋ.