ಹೊಸ ಸೀಲು

ಬೆಂಗಳೂರಿನಿಂದ ಸುತ್ತೋಲೆ ಬಂದದ್ದು ಗುರುವಾರ.
ಶುಕ್ರವಾರ ಬೆಳಿಗ್ಗೆ ಕೋಡಿಬಾಗದ ನಮ್ಮ ಕಚೇರಿಗೆ
ಏಣಿ ಹೊತ್ತು ಪೇಂಟರ್ ಪುರ್ಸು ಬಂದ.
'ಹಳೇದು ಕೆರೀಬೇಕಾ, ಮೇಲೇ ಬಳೀಲಾ?'
ಸುತ್ತೋಲೆಯಲ್ಲಿ ಅದು ಇರಲಿಲ್ಲ.

ನಾನು ಟಪಾಲು ಗುಮಾಸ್ತ. ಇಪ್ಪತ್ತಾರು ವರ್ಷದಿಂದ
ಬಂದದ್ದಕ್ಕೊಂದು ನಂಬರು, ಹೋಗುವುದಕ್ಕೊಂದು ನಂಬರು.
ಇಲಾಖೆಯ ಹೆಸರನ್ನು ನನ್ನಷ್ಟು ಸಲ
ಈ ಜಿಲ್ಲೆಯಲ್ಲಿ ಯಾರೂ ಬರೆದಿರಲಾರರು.

ಕಪಾಟಿನ ತಳದಲ್ಲಿ, ಗೆದ್ದಲು ಅಂಚು ತಿಂದ
ಮುಂಬಯಿ ಸರ್ಕಾರದ ಕಾಲದ ಖಾತೆಪುಸ್ತಕ.
ಹುಲಿಗೆ ಇಪ್ಪತ್ತನಾಲ್ಕು ರೂಪಾಯಿ, ಕಿರುಬನಿಗೆ ಹನ್ನೆರಡು,
ಮರಿಯಾದರೆ ಅರ್ಧ.
ಎದುರಿಗೆ, ತಂದವನ ಎಡ ಹೆಬ್ಬೆಟ್ಟು.
ಆಗ ನಾವು ಶಿಕಾರಿ ಖಾತೆ.
ಆಮೇಲೆ ಮೃಗ ಸಂರಕ್ಷಣೆ, ಆಮೇಲೆ ವನ್ಯಪ್ರಾಣಿ.
ಕೊಲ್ಲಲು ಚೀಟಿ ಕೊಟ್ಟ ಮೇಜಿನ ಮೇಲೇ
ಕೊಂದವನ ಮೇಲೆ ಮೊಕದ್ದಮೆ ಬರೆದರು.
ಮೇಜು ಅದೇ. ಗಟ್ಟಿ ಸಾಗುವಾನಿ.

ಈಗ: ಕಾಡು ಕಡಲು ಜೀವನೆಲೆ ಇಲಾಖೆ.
ಹಲಗೆಗೆ ಉದ್ದವಾಯಿತೆಂದು ಪುರ್ಸು ಗೊಣಗಿದ.
'ಕಡಲು ಎರಡನೇ ಸಾಲಿಗೆ ಬೀಳ್ತದೆ. ನಡೀತದಾ?'
ಬೀಳಲಿ ಎಂದೆ. ಇಲ್ಲಿಯ ತನಕ ಅದು
ಯಾವ ಸಾಲಿನಲ್ಲೂ ಇರಲಿಲ್ಲ.

ವಾಚರ್ ಹಮ್ಮು ಗೌಡ ಏಣಿಯ ಬುಡ ಹಿಡಿದುಕೊಂಡೇ ಕೇಳಿದ,
'ಮೂರು ತಿಂಗಳ ಬಾಕಿ ಸಂಬಳ ಯಾವ ಹೆಸರಲ್ಲಿ ಬರ್ತದೆ,
ಹಳೇದರಲ್ಲೋ ಹೊಸದರಲ್ಲೋ?'
ಅದೂ ಇರಲಿಲ್ಲ ಸುತ್ತೋಲೆಯಲ್ಲಿ.

ಕಚೇರಿಯ ಹಿಂದೆ ಕಾಳಿ ಅಳಿವೆ.
ಭರತ ಏರಿದರೆ ಕಾಂಡ್ಲದ ಬೇರು ದಾಟಿ
ನೀರು ಕಂಪೌಂಡಿಗೆ ತಾಗುತ್ತದೆ,
ಏಡಿಗಳು ರೆಕಾರ್ಡು ಕೋಣೆಗೇ ಬಂದುಬಿಡುತ್ತವೆ,
ಒಂದು ಕೊಂಬೆತ್ತಿ, ಅಡ್ಡಡ್ಡ,
ಸಾಹೇಬರನ್ನು ಕಾಣಲು ಬಂದವರ ಹಾಗೆ.
ಇಷ್ಟು ವರ್ಷ ಪೊರಕೆಯಿಂದ ಗುಡಿಸಿ ಆಚೆ ಹಾಕಿದ್ದೇನೆ.
ಇವತ್ತು ಒಂದು ಬಂತು. ಪೊರಕೆ ಕೈಯಲ್ಲೇ ನಿಂತಿತು.

ಆಗ ನೆನಪಾದದ್ದು ಮಾಜಾಳಿಯ ಚಂದ್ರಭಾಗಾ ತಾಂಡೇಲ.

ಹನ್ನೊಂದು ವರ್ಷದ ಹಿಂದೆ, ಮೀನಿನ ಬುಟ್ಟಿಯನ್ನು
ಮೆಟ್ಟಿಲ ಮೇಲಿಟ್ಟು, ಅರ್ಜಿ ತಂದಿದ್ದಳು.
ಬಲೆಗೆ ಆಮೆ ಬಿದ್ದಿತ್ತು. ಬಿಡಿಸಲಾಗಲಿಲ್ಲ.
ಬಲೆಯನ್ನೇ ಕೊಯ್ದೆವು. ಆಮೆ ಹೋಯಿತು.
ಬಲೆಯ ದುಡ್ಡು ಸರ್ಕಾರ ಕೊಡಬಹುದೇ?
ಮೀನುಗಾರಿಕೆಯವರು ಬರೆದರು, ಆಮೆ ಮೀನಲ್ಲ.
ನಮ್ಮ ಸಾಹೇಬರು ಬರೆದರು, ಕಡಲು ಕಾಡಲ್ಲ.
ಎರಡೂ ಸತ್ಯವೇ.
ಸೀಲು ಒತ್ತಿದವನು ನಾನು:
ನಮ್ಮ ವ್ಯಾಪ್ತಿಗೆ ಬರುವುದಿಲ್ಲ.
ಓದಿಸಿಕೊಂಡು ಅವಳು ಕೇಳಿದಳು,
'ವ್ಯಾಪ್ತಿ ಅಂದ್ರೆ ಯಾವ ಊರು, ಅಣ್ಣಾ?
ಬಸ್ಸು ಹೋಗ್ತದಾ ಅಲ್ಲಿಗೆ?'
ನಾವೆಲ್ಲ ನಕ್ಕಿದ್ದೆವು. ಚಹಾ ಬಂದಿತ್ತು ಆಗಷ್ಟೇ.

ಮಧ್ಯಾಹ್ನ ಗ್ರೀನ್ ಸ್ಟ್ರೀಟಿನಿಂದ ಹೊಸ ಸೀಲು ಬಂತು,
ಬೆಂಕಿಪೊಟ್ಟಣದಷ್ಟು, ಪ್ಲಾಸ್ಟಿಕ್ ಸುತ್ತಿದ್ದು.
ಬೆಳಕಿಗೆ ಹಿಡಿದೆ. ಅಕ್ಷರವೆಲ್ಲ ತಿರುಗಾಮುರುಗಾ,
ಕಾಡು ಬಲಕ್ಕೆ, ಇಲಾಖೆ ಎಡಕ್ಕೆ,
ನಡುವೆ ಕಡಲು ಬೆನ್ನು ತೋರಿಸಿ ನಿಂತಿದೆ.
ಒತ್ತದ ಹೊರತು ಓದಲಾಗದ ಹೆಸರು.

ಹತ್ತು ವರ್ಷ ದಾಟಿದ ಕಡತ ಸುಡಬೇಕು, ನಿಯಮ.
ಸುಡುವ ಗಂಟಿನಲ್ಲೇ ಇತ್ತು ಅದು,
ಇಲಿ ತಿಂದ ಮೂಲೆ, ಒಣಗಿದ ಮೀನಿನ ಒಂದು ಪೊರೆ
ಇನ್ನೂ ಅಂಟಿಕೊಂಡು, ಮಿಣ್ಣಗೆ.
ಯಾರೂ ಹೇಳಿದ್ದಲ್ಲ. ಸೋಮವಾರ ಸಾಹೇಬರು
ಏನು ಬರೆಯುತ್ತಾರೋ ಗೊತ್ತಿಲ್ಲ.
ಹೊಸ ಹೆಸರಿನ ಆವಕ ಪುಸ್ತಕ ಬಿಚ್ಚಿ,
ಮೊದಲ ಸಾಲಿನಲ್ಲಿ ಬರೆದೆ:
ನಂಬರು ಒಂದು. ಚಂದ್ರಭಾಗಾ ತಾಂಡೇಲ. ವಿಷಯ: ಬಲೆ.
ಆಮೇಲೆ ಒತ್ತಿದೆ,
ಹಳೆಯ ನೇರಳೆ ಸೀಲಿನ ಪಕ್ಕದಲ್ಲೇ.

ಹೊರಗೆ ಏಣಿಯ ಮೇಲಿಂದ ಪುರ್ಸು ಕೂಗಿದ,
'ಕಡಲು ಬರೆದಾಯ್ತು ನೋಡಿ.
ಯಾರೂ ಮುಟ್ಟಬೇಡಿ ಈಗಲೇ.
ಉಪ್ಪು ಗಾಳಿ. ಒಣಗೋದು ತಡ.'